ವಿಮಾನದ ಕಿಟಕಿಯಿಂದ ನಮ್ಮ ಸೀಮೆ

ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕವಿಮಾನದಲ್ಲಿ ಕುಳಿತು, ಹಿಂದೆ ತಾನು ಅಲೆದ ನೆಲವನ್ನು ಸೀತೆಗೆ ಒಂದೊಂದಾಗಿ ತೋರಿಸುತ್ತಾನಷ್ಟೆ. ಬಾಲ್ಯದಿಂದ ಓದಿದ ಆ ಸರ್ಗದ ಸ್ವಾರಸ್ಯವು ನಮಗೆ ಪೂರ್ಣವಾಗಿ ತಿಳಿದದ್ದು ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆಯೇ.

ಕಾರ್ತಿಕಮಾಸದಲ್ಲೊಮ್ಮೆ ಹೈದರಾಬಾದಿನಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗುವ ಪ್ರಸಂಗವೊದಗಿತು. ಆಕಾಶವು ತಿಳಿಯಾಗಿದ್ದಿತು. ಎಡಗಡೆಯ ಕಿಟಕಿಯ ಬಳಿ ನಾವು. ಪಕ್ಕದಲ್ಲಿ ನಮ್ಮ ಗೃಹಿಣಿ. ಕೃಷ್ಣೆಯನ್ನು ದಾಟಿದೊಡನೆ ಹಟ್ಟಿಯ ಚಿನ್ನದ ಗಣಿಯ ಮಣ್ಣುದಿಬ್ಬಗಳು ಕಂಡವು. ಮುಂದೆ, ಹಿಂಗಾರಿ ಜೋಳಕ್ಕೆಂದು ಹದಮಾಡಿದ ಎರೆಹೊಲಗಳ ನಡುವೆ ಲಿಂಗಸುಗೂರು. ಹಿಂದೆ ದಂಡು ಬೀಡುಬಿಟ್ಟಿದ್ದ ಕಾರಣ ಹಿರಿಯರು ಅದನ್ನು ‘ಛಾವಣಿ’ ಎನ್ನುವರು. ಇಪ್ಪತ್ತು ವರ್ಷ ನಾವು ಚಪ್ಪಲಿ ಸವೆಸಿದ ಆ ಊರು ಒಂದು ಅಂಗೈಯ ಮರೆಗೆ ಅಡಗುವಷ್ಟಾಗಿದ್ದಿತು!

“ಅಲ್ನೋಡ್ರೀ, ನಮ್ಮ ಮಸ್ಕಿ ಗುಡ್ಡ ಅಲ್ಲೇನ್ರೀ ಅದು?” ಎಂದು ಆಕೆ ನಮ್ಮ ತೋಳನ್ನು ಹಿಡಿದಳು.

ಅಹುದು, ಮಸ್ಕಿಯೇ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಅಲ್ಲಿ ಕಂಡ ಬಂಡೆಯ ಶಾಸನದಲ್ಲಿಯೇ ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರು ಮೊದಲು ಓದಸಿಕ್ಕಿತು. ಲೋಕಪ್ರಸಿದ್ಧವಾದ ಆ ಬಂಡೆಯು ಮೇಲಿನಿಂದ ಕಾಣಲಿಲ್ಲ. ಆದರೂ ವರ್ಷವರ್ಷವೂ ಹುಡುಗರನ್ನು ಕರೆದೊಯ್ದು ತೋರಿಸಿದ ನಮಗೆ ಅದರ ನೆಲೆ ತಪ್ಪಲಿಲ್ಲ.

ಗುಡ್ಡದಾಚೆ, ದಕ್ಷಿಣದ ದಿಗಂತದ ಕಡೆಗೆ, ಸಿಂಧನೂರಿನ ಭತ್ತದ ಗದ್ದೆಗಳು ಹಸಿರು ಹಚ್ಚಡದಂತೆ ಹರಡಿದ್ದವು. ಅದು ತುಂಗಭದ್ರೆಯ ಎಡದಂಡೆ ಕಾಲುವೆಯ ಪ್ರಸಾದ. ಆದರೆ ಆ ಹಸಿರಿಗೆ ಒಂದು ಅಂಚಿದ್ದಿತು. ನೀರು ಇಳಿಜಾರನ್ನಲ್ಲದೆ ಏರನ್ನು ಅರಿಯದು. ಕಾಲುವೆಯ ಕೆಳಗೆ ಗದ್ದೆ, ಮೇಲೆ ಮಳೆಯನ್ನೇ ನಂಬಿದ ಬೆದ್ದಲು. ಇದು ನಮಗೆ ತಿಳಿಯದ ವಿಷಯವೇನಲ್ಲ. ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದು ತೋರಿಸಿದ್ದೆವು. ಆದರೆ ಆ ಅಂಚಿನ ಮೇಲಣ ಊರುಗಳ ಹುಡುಗರು ತಾಯಿತಂದೆಗಳೊಡನೆ ಗುಳೆ ಹೋಗಿ, ತಿಂಗಳುಗಟ್ಟಲೆ ಶಾಲೆ ತಪ್ಪಿಸಿ ಬಂದಾಗ, ಅವರನ್ನು ಬಾಗಿಲಲ್ಲಿ ನಿಲ್ಲಿಸಿ ಗದರಿಸಿದವರೂ ನಾವೇ. ಅವರು ತಲೆತಗ್ಗಿಸಿ ನಿಲ್ಲುತ್ತಿದ್ದರು, ಮರುಮಾತಾಡುತ್ತಿರಲಿಲ್ಲ. ಅವರು ಹೇಳದೆ ಉಳಿಸಿದ ಉತ್ತರವು ಈಗ ನೆಲದ ಮೇಲೆ ಬರೆದಂತೆ ಕಾಣುತ್ತಿದ್ದಿತು.

ನಾಲ್ಕಾರು ನಿಮಿಷಗಳಲ್ಲಿ ಎಲ್ಲವೂ ಹಿಂದೆ ಸರಿಯಿತು. ಪ್ರಿಯವಾದುದನ್ನು ಒಂದೇ ನೋಟದಲ್ಲಿ ಕಂಡ ಆನಂದದಿಂದಲೋ, ಆ ಹುಡುಗರ ನೆನಪಿನಿಂದಲೋ, ನಮ್ಮ ಕಣ್ಣು ತೇವವಾಗಿದ್ದವು. ಗೃಹಿಣಿಯು ಏನನ್ನೂ ಕೇಳಲಿಲ್ಲ.

ಹುಬ್ಬಳ್ಳಿಯಿಂದ ಹಿಂದಿರುಗುವಾಗ ವಿಮಾನವನ್ನು ಬಿಟ್ಟು ಬಸ್ಸು ಹತ್ತಿದೆವು. ಮಸ್ಕಿಯಲ್ಲಿ ಇಳಿಯಬೇಕಾಗಿದ್ದಿತು. ಆ ಹುಡುಗರಲ್ಲಿ ಒಬ್ಬಿಬ್ಬರಾದರೂ ಸಿಕ್ಕಿದರೆ, ಆಡಬೇಕಾದ ಮಾತೊಂದು ನಮ್ಮಲ್ಲಿ ಉಳಿದಿದ್ದಿತು.