ನೀರುಗಂಟಿ ಕಲಿಸಿದ ಪಾಠ

ಶಿರಾ ಪಟ್ಟಣದಿಂದ ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಸಾಗಿದರೆ ತಾವರೆಕೆರೆ ಎಂಬ ಊರು ಸಿಗುತ್ತದೆ. ಹೆಸರಿನಲ್ಲಿ ತಾವರೆಯೂ ಉಂಟು, ಕೆರೆಯೂ ಉಂಟು. ಆದರೆ ಮಳೆ ವಿರಳವಾದ ಈ ಸೀಮೆಯಲ್ಲಿ ಕೆರೆ ತುಂಬುವುದೇ ಒಂದು ಹಬ್ಬ. 2016ರಲ್ಲಿ ಬರಗಾಲ ಬಂದಿತು. ಮರುವರ್ಷದ ಬೇಸಗೆಯಲ್ಲಿ ನಮ್ಮ ತರುಣರ ಸಂಘವು ಆ ಊರಿನ ಸಮೀಪದ ಒಂದು ಸಣ್ಣ ಕೆರೆಯ ಹೂಳೆತ್ತಲು ನಿರ್ಧರಿಸಿತು. ಸಂಘದಲ್ಲಿದ್ದವರು ಶಿಕ್ಷಕರು, ಬ್ಯಾಂಕಿನ ನೌಕರರು, ಎಂಜಿನಿಯರುಗಳು. ಎಲ್ಲರೂ ಆಗತಾನೆ ಉದ್ಯೋಗಕ್ಕೆ ಸೇರಿದವರು. ನನ್ನನ್ನು ಮುಂದಾಳುವನ್ನಾಗಿ ಆರಿಸಿದರು.

ಮೊದಲನೆಯ ಭಾನುವಾರ 40 ಮಂದಿ ಬಂದರು. ನಾನು ಕೊರಳಿಗೆ ಸೀಟಿ ತೂಗುಹಾಕಿಕೊಂಡು, ಹೆಸರಿನ ಪಟ್ಟಿ ಹಿಡಿದು ಏರಿಯ ಮೇಲೆ ನಿಂತೆ. ಮಣ್ಣು ಸಾಗಿಸಲು ಸುಲಭವೆಂದು ಏರಿಯ ಬುಡದಲ್ಲಿಯೇ ಅಗೆಯುವಂತೆ ಆಜ್ಞಾಪಿಸಿದೆ.

ಅಲ್ಲಿಗೆ ಊರಿನ ವೃದ್ಧ ನೀರುಗಂಟಿ ಬಂದರು. ಕೆರೆಯ ತೂಬನ್ನು ತೆರೆದು ಮುಚ್ಚಿ, ಹೊಲಗದ್ದೆಗಳಿಗೆ ನ್ಯಾಯವಾಗಿ ನೀರು ಹಂಚುವವನೇ ನೀರುಗಂಟಿ. “ಏರಿಯ ಬುಡ ಕೊರೆದರೆ ಏರಿ ನಿಲ್ಲದು, ಸ್ವಾಮಿ. ಮೊದಲು ನೀರು ಬರುವ ಕಾಲುವೆ ಬಿಡಿಸಿ, ಆಮೇಲೆ ಕೆರೆಯ ನಡುವೆ ಅಗೆಯಿರಿ” ಎಂದರು.

“ಯೋಜನೆ ಸಿದ್ಧವಾಗಿದೆ, ಅಜ್ಜ” ಎಂದು ನಾನು ಮುಖ ತಿರುಗಿಸಿದೆ.

ನಾಲ್ಕನೆಯ ಭಾನುವಾರ ಬಂದವರು ಕೇವಲ 9 ಮಂದಿ. ಅಂದು ಸಂಜೆ ಸಂಘದ ಸಭೆ ಕರೆದು, ಸೇವಾಮನೋಭಾವವಿಲ್ಲವೆಂದು ಎಲ್ಲರನ್ನೂ ಆಕ್ಷೇಪಿಸಿದೆ. ಆಗ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ತರುಣಿಯೊಬ್ಬಳು ಎದ್ದು ನಿಂತಳು. “ಒಂದು ತಿಂಗಳಾಯಿತು, ನಿಮ್ಮ ಕೈಗೆ ಇನ್ನೂ ಮಣ್ಣು ಅಂಟಿಲ್ಲ. ಅಜ್ಜನ ಮಾತು ಸರಿಯೆಂದು ನಮ್ಮ ಎಂಜಿನಿಯರುಗಳಿಗೂ ತಿಳಿದಿತ್ತು. ನಿಮಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ” ಎಂದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮೊದಲು ಅವಳ ಮೇಲೆ ಕೋಪ ಬಂದಿತು. ಬೆಳಗಾಗುವ ಹೊತ್ತಿಗೆ ನಾಚಿಕೆ ಉಳಿಯಿತು. ಮಳೆಗಾಲದಲ್ಲಿ ಆ ಏರಿ ಒಡೆದಿದ್ದರೆ ಕೆಳಗಿನ ಹೊಲಗಳ ಗತಿಯೇನು? ನನ್ನ ಸುತ್ತಲಿನವರ ಮೌನವನ್ನು ನಾನು ಒಪ್ಪಿಗೆಯೆಂದು ಭಾವಿಸಿದ್ದೆ. ಅದು ಭಯವಾಗಿತ್ತು.

ಮುಂದಿನ ಭಾನುವಾರ ಎಲ್ಲರ ಎದುರಿಗೆ ನೀರುಗಂಟಿಯವರಿಗೆ ಕೈಮುಗಿದು, “ತಪ್ಪು ನನ್ನದು. ದಾರಿ ತೋರಿಸಿ” ಎಂದೆ. ಅವರು ಏನೂ ಹೇಳಲಿಲ್ಲ. ಪಂಚೆಯನ್ನು ಮೇಲಕ್ಕೆ ಕಟ್ಟಿ ಕಾಲುವೆಯ ಕಡೆಗೆ ನಡೆದರು. ನಾನು ಮಂಕರಿ ಹೊತ್ತು ಹಿಂಬಾಲಿಸಿದೆ. ಏರಿಯ ಬುಡದ ಗುಂಡಿಗಳನ್ನು ಮುಚ್ಚಿ, ದಿಮ್ಮಸು ಹೊಡೆದು ಗಟ್ಟಿಗೊಳಿಸಿದೆವು. ಕಾಲುವೆಯಲ್ಲಿ ಬೆಳೆದಿದ್ದ ಬಳ್ಳಾರಿ ಜಾಲಿಯನ್ನು ಕಡಿದೆವು. ಕೆರೆಯ ನಡುವಿನ ಫಲವತ್ತಾದ ಹೂಳನ್ನು ರೈತರು ತಾವಾಗಿಯೇ ತಮ್ಮ ಕಡಲೆಕಾಯಿಯ ಹೊಲಗಳಿಗೆ ಸಾಗಿಸಿದರು. ಬರುವವರ ಸಂಖ್ಯೆ ವಾರದಿಂದ ವಾರಕ್ಕೆ ಹೆಚ್ಚಿತು.

ಆ ವರ್ಷ ಮಳೆ ಬಂದಾಗ ಕಾಲುವೆಯಲ್ಲಿ ಕೆಂಪು ನೀರು ಹರಿದು ಬಂದಿತು. ಕೆರೆ ಅರ್ಧದಷ್ಟೇ ತುಂಬಿತು. ಏರಿ ಭದ್ರವಾಗಿ ನಿಂತಿತು.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’ ಎಂಬುದು. ಕಾಲೇಜಿನ ದಿನಗಳಲ್ಲಿ ಅದನ್ನು ಎಷ್ಟೋ ಸಲ ಉಚ್ಚರಿಸಿದ್ದೆ. ಅದರ ಅರ್ಥ ತಿಳಿದುದು ಏರಿಯಿಂದ ಕೆಳಗಿಳಿದ ಮೇಲೆ.

ಮರುವರ್ಷವೂ ಗೆಳೆಯರು ನನ್ನನ್ನೇ ಮುಂದಾಳುವನ್ನಾಗಿ ಆರಿಸಿದರು. ಮೊದಲನೆಯ ಸಭೆಯಲ್ಲಿ ನಾನು ಮಾತನಾಡಲಿಲ್ಲ. ನೀರುಗಂಟಿಯವರನ್ನು ಮಾತನಾಡಲು ಕೇಳಿಕೊಂಡೆ.