ಬೆಳ್ಳಿ ನೀರು

ಗಡಹಿಂಗ್ಲಜದ ನಮ್ಮ ಮನೆಯಲ್ಲಿ ಮಾತು ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹೀಗಾಗಿ ನಮಗೆ ಬಂಗಾರವೂ ಗೊತ್ತು, ಭಂಗಾರವೂ ಗೊತ್ತು. ಉಸಿರು ಒಂದಿಷ್ಟು ಹೆಚ್ಚಾದರೆ ಸಾಕು, ಹೊನ್ನು ಹೋಗಿ ಗುಜರಿ! ಹಳೇ ಸಾಮಾನಿನ ರಾಶಿಯಿಂದ ನಾನೊಂದು ಹಿತ್ತಾಳೆಯ ದೀಪದ ಸಮೆ ತಂದ ದಿನ ಅವ್ವ ಕೇಳಿದಳು: "ಭಂಗಾರದಾಗಿಂದ ತಂದೀ, ಬಂಗಾರ ಮಾಡಾಂವ ಇದ್ದೀ ಏನು?"

"ಇಲ್ಲವ್ವಾ, ಬೆಳ್ಳಿ."

ಬೆಳ್ಳಿ ನೀರು ಕುಡಿಸುವುದನ್ನು, ಅಂದರೆ ಬೇರೆ ಲೋಹದ ಮೈಗೆ ಬೆಳ್ಳಿ ಏರಿಸುವುದನ್ನು, ನೋಡುತ್ತ ನಿಲ್ಲುವುದು ನನ್ನ ಹಳೆಯ ಚಟ. ನಮ್ಮ ಕಡೆ ಬೆಳ್ಳಿ ಎಂದರೆ ಹುಪರಿ. ಇಚಲಕರಂಜಿಯ ಮಗ್ಗದ ಸದ್ದಿಗೆ ಹತ್ತಿರದ ಆ ಊರಿಗೆ ಹೋದರೆ ಓಣಿಓಣಿಗೂ ಕಾಲ್ಗೆಜ್ಜೆ, ಲೆಕ್ಕವೆಲ್ಲ ಕಿಲೋದಲ್ಲಿ. ನನ್ನ ಪ್ರೀತಿಯ ಕಸುಬಿನ ಲೆಕ್ಕ ಬೇರೆ. 100 ಚದರ ಸೆಂಟಿಮೀಟರ್ ಜಾಗಕ್ಕೆ 5 ಮೈಕ್ರಾನ್ ಬೆಳ್ಳಿ ಏರಿಸಲು ಅರ್ಧ ಗ್ರಾಂ ಸಾಕು.

ಸಮೆ ಹಿಡಿದು ಕೊಲ್ಹಾಪುರದ ಪುಟ್ಟ ಕಾರ್ಖಾನೆಯೊಂದಕ್ಕೆ ಹೋದೆ. ನೋಡುವವರಿಗೆ ಬೆಳ್ಳಿ ಏರುವುದೇ ಚಂದ. ಮಾಡುವವರಿಗೆ ತೊಳೆಯುವುದೇ ಕೆಲಸ. ಬಫ್ ಚಕ್ರಕ್ಕೆ ಹಿಡಿಯಬೇಕು, ಬಿಸಿ ಕಾಸ್ಟಿಕ್ ನೀರಲ್ಲಿ ಜಿಡ್ಡು ಬಿಡಿಸಬೇಕು, ತೆಳು ಆಸಿಡ್‌ನಲ್ಲಿ ಅದ್ದಬೇಕು. ಕೊನೆಗೆ ನೀರೇ ಪರೀಕ್ಷಕ: ಮೈತುಂಬ ಒಂದೇ ಪದರವಾಗಿ ಹರಿದರೆ ಪಾಸು, ಕೆಸುವಿನೆಲೆಯ ಮೇಲಿನಂತೆ ಹನಿಗಟ್ಟಿದರೆ ನಪಾಸು. ಬೆಳ್ಳಿ ಏನನ್ನೂ ಮುಚ್ಚಿಡುವುದಿಲ್ಲ. ಕೆಳಗಿನ ಗೀರನ್ನೇ ಎತ್ತಿ ತೋರಿಸುತ್ತದೆ.

1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸೋದರಸಂಬಂಧಿಗಳು ಪೇಟೆಂಟ್ ಪಡೆದ ಸಯನೈಡ್ ವಿದ್ಯೆಯೇ ಇಲ್ಲಿಯೂ. ಆ ವಿಷದ ಹತ್ತಿರ ಆಸಿಡ್ ಸುಳಿಯಬಾರದು, ನಾನಂತೂ ಸುಳಿಯಲೇಬಾರದು. ನನಗೆ ಬಾಗಿಲ ಬಳಿ ಸ್ಟೂಲು. ಹಿತ್ತಾಳೆಯನ್ನು ನೇರ ದೊಡ್ಡ ತೊಟ್ಟಿಗೆ ಇಳಿಸಿದರೆ ಬೆಳ್ಳಿ ಅವಸರದಿಂದ ಸಡಿಲವಾಗಿ ಕೂತು, ಮುಂದೆ ಸಿಪ್ಪೆಯಂತೆ ಏಳುತ್ತದೆ. ಅದಕ್ಕೇ ಮೊದಲು ಬೆಳ್ಳಿ ಕಡಿಮೆಯಿರುವ ತೊಟ್ಟಿಯಲ್ಲೊಂದು ಮುಳುಗು. ಆಮೇಲೆ ದೊಡ್ಡದರಲ್ಲಿ ತಾಮ್ರದ ತಂತಿಗೆ ತೂಗಿ, ಒಂದು ವೋಲ್ಟಿನ ಆಸುಪಾಸು ಕರೆಂಟು. ಎದುರಿನ ಬೆಳ್ಳಿ ತಗಡು ಕರಗುತ್ತ ಹೋದಂತೆ ಸಮೆ ಬೆಳ್ಳಗಾಗುತ್ತದೆ. ಆಗಿನ್ನೂ ಹೊಳಪಿಲ್ಲ, ಕೆನೆಹಾಲಿನ ಬಣ್ಣ. ನನಗೆ ಆ ಬಣ್ಣವೇ ಇಷ್ಟ.

ಹೊಳಪಿಗೆಂದು ಉಜ್ಜುವಾಗ ಬುಡದಲ್ಲಿ ಒಂದು ಚೂರು ಬೆಳ್ಳಿ ಎದ್ದುಹೋಯಿತು. ನೀರಿನ ಪರೀಕ್ಷೆ ಮುಗಿದ ಮೇಲೆ, ಎಷ್ಟು ನುಣುಪಾಗಿದೆಯೆಂದು ನಾನೇ ಅಲ್ಲಿ ಮುಟ್ಟಿದ್ದೆ! ಕಾರ್ಖಾನೆಯವರು ಮತ್ತೆ ಮಾಡಿಕೊಡುವೆವೆಂದರು, ನಾನೇ ಬೇಡವೆಂದೆ.

ಅವ್ವ ಈಗ ಮನೆಗೆ ಬಂದವರಿಗೆಲ್ಲ ಸಮೆಯ ಬುಡ ತಿರುವಿ ತೋರಿಸುತ್ತಾಳೆ: "ಬೆಳ್ಳಿ ಅವರದು, ಹೆಬ್ಬೆಟ್ಟು ನಮ್ಮಾಂವಂದು."