ಅರಕೆರೆಯ ಹಾದಿಯಲ್ಲಿ ವೈದ್ಯವಿಚಾರ

ಶ್ರೀರಂಗಪಟ್ಟಣದಿಂದ ಬನ್ನೂರಿನ ಕಡೆಗೆ ಸಾಗುವ ಹಾದಿಯಲ್ಲಿ ಅರಕೆರೆಯೆಂಬ ಹೋಬಳಿಯ ಊರಿರುವುದು. ಕಾವೇರಿಯ ನೀರುಂಡ ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ನಮ್ಮ ಕಣ್ಣಿಗೆ ತಂಪನ್ನಿತ್ತವು. ಆದರೆ ನೀರು ನಿಂತೆಡೆ ಸೊಳ್ಳೆ, ಸೊಳ್ಳೆಯಿದ್ದೆಡೆ ಜ್ವರದ ಭಯ. ೧೭೯೯ರಲ್ಲಿ ಶ್ರೀರಂಗಪಟ್ಟಣವನ್ನು ಗೆದ್ದ ಇಂಗ್ಲಿಷರ ದಂಡು ಈ ಸೀಮೆಯ ಚಳಿಜ್ವರಕ್ಕೆ ಸೋತು, ೧೮೦೯ರಲ್ಲಿ ಬೆಂಗಳೂರಿಗೆ ಬಿಡಾರ ಕಿತ್ತಿತು.

ಇಂತಹ ಸೀಮೆಯಲ್ಲಿ ತಿರುಗುವಾಗ ವೈದ್ಯಪದ್ಧತಿಗಳ ವಿಚಾರವು ತಾನಾಗಿಯೇ ಮನಸ್ಸಿಗೆ ಬರುವುದು. ಹೋಮಿಯೋಪತಿ, ಪ್ರಕೃತಿ ಚಿಕಿತ್ಸೆ, ಆಯುರ್ವೇದಗಳನ್ನು ಒಂದೇ ಗಂಟಿನಲ್ಲಿ ಕಟ್ಟುವುದು ಹಲವರ ರೂಢಿ. ಅವುಗಳ ಬೇರುಗಳಾದರೋ ಬೇರೆಬೇರೆ.

ಹೋಮಿಯೋಪತಿಯು ಹುಟ್ಟಿದುದೇ ಚಳಿಜ್ವರದ ಮದ್ದಿನಿಂದ. ಜರ್ಮನಿಯ ಹಾನಿಮನ್ನನು ೧೭೯೦ರಲ್ಲಿ ಆರೋಗ್ಯವಂತನಾಗಿದ್ದಾಗಲೇ ಸಿಂಕೋನ ತೊಗಟೆಯನ್ನು ಸೇವಿಸಿ, ತನಗೆ ಜ್ವರದಂತಹ ಲಕ್ಷಣಗಳು ತೋರಿದುವೆಂದು ಬರೆದನು. ರೋಗದಂತಹ ಲಕ್ಷಣವನ್ನು ತರುವ ವಸ್ತುವೇ ರೋಗವನ್ನು ಕಳೆಯುವುದೆಂಬುದು ಅವನ ಸೂತ್ರ. ಮದ್ದಿನ ಒಂದು ಪಾಲನ್ನು ತೊಂಬತ್ತೊಂಬತ್ತು ಪಾಲು ದ್ರವದಲ್ಲಿ ಬೆರೆಸಿ ಕುಲುಕಿ, ಇದನ್ನೇ ಮೂವತ್ತು ಸಲ ಮಾಡುವುದೂ ಉಂಟು. ಹನ್ನೆರಡು ಸಲ ದಾಟಿದರೆ ಮೂಲವಸ್ತುವಿನ ಒಂದು ಅಣುವೂ ಉಳಿಯುವುದು ದುರ್ಲಭ. ಕನ್ನಡನಾಡಿನಲ್ಲಿ ಈ ಪದ್ಧತಿಗೆ ನೆಲೆಯಿತ್ತವರು ಫಾದರ್ ಮುಲ್ಲರ್. ೧೮೮೦ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಅವರು ಆರಂಭಿಸಿದ ಔಷಧಾಲಯವು ಇಂದು ದೊಡ್ಡ ಆಸ್ಪತ್ರೆಯಾಗಿರುವುದು.

ಪ್ರಕೃತಿ ಚಿಕಿತ್ಸೆಗೆ ಗುಳಿಗೆಯೇ ಬೇಡ. ನೀರು, ಮಣ್ಣು, ಬಿಸಿಲು, ಗಾಳಿ, ಪಥ್ಯ, ಉಪವಾಸಗಳೇ ಅದರ ಸಾಧನಗಳು. ಗಾಂಧೀಜಿಯವರು ೧೯೪೬ರಲ್ಲಿ ಪುಣೆಯ ಬಳಿಯ ಉರುಳಿ ಕಾಂಚನದಲ್ಲಿ ಇದಕ್ಕೊಂದು ಆಶ್ರಮವನ್ನು ಸ್ಥಾಪಿಸಿದರು. ನಮ್ಮಲ್ಲಿ ಉಜಿರೆಯ ಕಾಲೇಜು ೧೯೮೯ರಿಂದ ಇದನ್ನು ಬೋಧಿಸುತ್ತಿದೆ. ಮಿತಾಹಾರ, ವ್ಯಾಯಾಮಗಳ ಲಾಭವನ್ನು ಯಾರೂ ಅಲ್ಲಗಳೆಯರು. ಆದರೆ ಸಿಹಿಮೂತ್ರಕ್ಕೆ ಮದ್ದು ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಮಾಡುವುದು ಪ್ರಾಣಕ್ಕೆ ಎರವಾದೀತು.

ಆಯುರ್ವೇದವು ವಾತ, ಪಿತ್ತ, ಕಫಗಳ ಸಮತೆಯನ್ನೂ, ಗ್ರೀಕರಿಂದ ಅರಬರ ಮೂಲಕ ಬಂದ ಯುನಾನಿಯು ದೇಹದ ನಾಲ್ಕು ರಸಗಳನ್ನೂ ಹೇಳುವುವು. ಮೈಸೂರಿನ ಆಯುರ್ವೇದ ಕಾಲೇಜು ೧೯೦೮ರಷ್ಟು ಹಳೆಯದು. ಇವೆರಡರ ಮದ್ದುಗಳಲ್ಲಿ ಬೇರು, ಎಲೆ, ಲೋಹಗಳ ನಿಜವಾದ ಸತ್ತ್ವವಿರುವುದು. ಆದಕಾರಣ ಗುಣವೂ ಉಂಟು, ಕೈತಪ್ಪಿದರೆ ಕೇಡೂ ಉಂಟು. ಪಾದರಸ, ಸೀಸಗಳು ವಿಷವೇ ಸರಿ.

ಹಾಗಾದರೆ ಗೃಹಿಣಿಯು ಯಾವುದನ್ನು ನೆಚ್ಚಬೇಕು? ಉತ್ತರವನ್ನು ಆ ಸಿಂಕೋನ ತೊಗಟೆಯೇ ಹೇಳೀತು. ೧೮೨೦ರಲ್ಲಿ ಅದರಿಂದ ಕ್ವಿನೈನನ್ನು ಬೇರ್ಪಡಿಸಿ, ಅಳತೆಮಾಡಿ ಕೊಟ್ಟುದರಿಂದ ಲಕ್ಷಾಂತರ ಜೀವಗಳು ಉಳಿದುವು. ಅದೇ ತೊಗಟೆಯಿಂದ ಹೊರಟ ಹೋಮಿಯೋಪತಿಯನ್ನು ಆಸ್ಟ್ರೇಲಿಯದ ವೈದ್ಯಸಂಶೋಧನ ಮಂಡಲಿಯು ಪರಿಶೀಲಿಸಿ, ಯಾವ ರೋಗದಲ್ಲಿಯೂ ಅದು ಫಲಕಾರಿಯೆಂಬುದಕ್ಕೆ ನಂಬತಕ್ಕ ಪ್ರಮಾಣವಿಲ್ಲವೆಂದು ೨೦೧೫ರಲ್ಲಿ ಸಾರಿತು. ಪದ್ಧತಿಯ ಹೆಸರಿಗಿಂತ ಪರೀಕ್ಷೆಯಲ್ಲಿ ಗೆದ್ದ ಮದ್ದೇ ಮೇಲು.

ಜ್ವರವು ಯಾವ ಪದ್ಧತಿಯ ವಾದವನ್ನೂ ಕೇಳುತ್ತ ಕೂರುವುದಿಲ್ಲ. ಮಗುವಿನ ಮೈ ಸುಡುತ್ತಿರುವಾಗ ತಾಯಂದಿರು ಮೊದಲು ಸಮೀಪದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಲಿ. ಕಷಾಯವೂ ಪಥ್ಯವೂ ವೈದ್ಯರ ಮಾತಿನ ಹಿಂದೆ ಬರಲಿ. ಮನೆಯ ಸುತ್ತ ನಿಂತ ನೀರನ್ನು ಚೆಲ್ಲುವುದಂತೂ ಎಲ್ಲ ಪದ್ಧತಿಗಳೂ ಒಪ್ಪತಕ್ಕ ಚಿಕಿತ್ಸೆ.